ಮುಂಬಯಿಯ ದಿನಚರಿಗೆ ಹೊಂದುವ ತೂಕ ಇಳಿಕೆ: ದಾರಿಗಳ ಹೋಲಿಕೆ ಮತ್ತು ಆಯ್ಕೆ

ಮುಂಬಯಿಯಲ್ಲಿ ತೂಕ ಇಳಿಸಬೇಕೆಂದು ಮನಸ್ಸು ಮಾಡಿದವರಿಗೆ ದಾರಿ ತೋರಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಮನೆಯ ಹತ್ತಿರದ ಜಿಮ್, ತಿಂಗಳ ಲೆಕ್ಕದಲ್ಲಿ ಕಚೇರಿಗೆ ಬರುವ ಡಯೆಟ್ ಡಬ್ಬಿ, ದಿನಕ್ಕೆ ಹದಿನಾರು ಗಂಟೆಯ ಉಪವಾಸ, ಕೆಲವು ವಾರಗಳ ಜ್ಯೂಸ್ ಪಥ್ಯ, ಇತ್ತೀಚೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿ, ಹೀಗೆ ಎಲ್ಲವೂ ಈ ಊರಿನಲ್ಲಿ ಕೈಗೆ ಸಿಗುತ್ತವೆ. ಆದರೆ ಡೊಂಬಿವಲಿಯಿಂದಲೋ ಮೀರಾರೋಡಿನಿಂದಲೋ ಬೆಳಿಗ್ಗೆ ಏಳರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಿಗೆ, ಅವರಿಗಿಂತ ಮುಂಚೆ ಎದ್ದು ಎಲ್ಲರ ಡಬ್ಬಿ ಕಟ್ಟಿ ತಾವೂ ಕೆಲಸಕ್ಕೆ ಹೊರಡುವ ಹೆಂಗಸರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಇಲ್ಲಿ ಪ್ರತಿಯೊಂದು ದಾರಿಯನ್ನೂ ನಾನು ಒಂದೇ ಪ್ರಶ್ನೆಯಿಂದ ತೂಗಿ ನೋಡಿದ್ದೇನೆ: ಎರಡು ವರ್ಷಗಳ ಬಳಿಕವೂ, ಜುಲೈ ತಿಂಗಳ ಮಳೆಯಲ್ಲೂ, ರೈಲು ತಡವಾದ ದಿನವೂ ಇದನ್ನು ನಡೆಸಿಕೊಂಡು ಹೋಗಲು ಸಾಧ್ಯವೇ?

ಮೊದಲಿಗೆ ಅಳತೆಯ ಮಾತು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಪಾಶ್ಚಾತ್ಯರಲ್ಲಿ ಈ ಸಂಖ್ಯೆ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು; ಭಾರತೀಯರಿಗೆ ಅದೇ ಗಡಿಗಳನ್ನು 23 ಮತ್ತು 25ಕ್ಕೆ ಇಳಿಸಲಾಗಿದೆ. 165 ಸೆಂಟಿಮೀಟರ್ ಎತ್ತರದವರು ಸುಮಾರು 63 ಕಿಲೋಗೆ ಮೊದಲ ಗಡಿಯನ್ನೂ 68 ಕಿಲೋಗೆ ಎರಡನೆಯದನ್ನೂ ಮುಟ್ಟುತ್ತಾರೆ. ಅಷ್ಟೇ ಬಿಎಂಐ ಇದ್ದರೂ ನಮ್ಮವರಲ್ಲಿ ಹೊಟ್ಟೆಯೊಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದೇ ಗಡಿಯನ್ನು ಇಳಿಸಲು ಕಾರಣ. ಹಾಗಾಗಿ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಮಗೆ ಹೆಚ್ಚು ನಿಜವನ್ನು ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ತೂಕ ಸರಿಯಾಗಿಯೇ ಕಂಡರೂ ಎಚ್ಚರ ಬೇಕು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಬಿಎಂಐ ಲೆಕ್ಕದ ಬೊಜ್ಜು ಶೇ. 28.6 ಇದ್ದರೆ ಹೊಟ್ಟೆಯ ಬೊಜ್ಜು ಶೇ. 39.5 ಇತ್ತು. ಈ ಎರಡು ಸಂಖ್ಯೆಗಳ ನಡುವೆ ಇರುವವರು ತಮಗೆ ಏನೂ ಆಗಿಲ್ಲವೆಂದು ನಂಬಿಕೊಂಡಿರುವ ಕೋಟ್ಯಂತರ ಜನ.

ಗುರಿಯೂ ಜನ ಎಣಿಸಿಕೊಳ್ಳುವಷ್ಟು ದೊಡ್ಡದಾಗಿರಬೇಕಿಲ್ಲ. ಆರು ತಿಂಗಳಲ್ಲಿ ಈಗಿನ ತೂಕದ ಶೇ. 5ರಿಂದ 7ರಷ್ಟು ಇಳಿಸಿದರೆ, ಅಂದರೆ 80 ಕಿಲೋ ಇರುವವರು ನಾಲ್ಕರಿಂದ ಐದೂವರೆ ಕಿಲೋ ಇಳಿಸಿದರೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇವುಗಳಲ್ಲಿ ವ್ಯತ್ಯಾಸ ಕಾಣಲು ಅಷ್ಟೇ ಸಾಕಾಗುತ್ತದೆ.

ವೇಗದ ದಾರಿಯೋ, ನಿಧಾನದ ದಾರಿಯೋ

ಮೂರು ವಾರಗಳಲ್ಲಿ ಎಂಟು ಕಿಲೋ ಎಂಬ ಜಾಹೀರಾತುಗಳು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಊಟವನ್ನು ಥಟ್ಟನೆ ಕಡಿತಗೊಳಿಸಿದಾಗ ಮೊದಲ ವಾರದಲ್ಲಿ ಮೂರು ಕಿಲೋವರೆಗೂ ಇಳಿಯಬಹುದು, ಆದರೆ ಅದರಲ್ಲಿ ಬಹುಪಾಲು ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾದ ಸಕ್ಕರೆಯ ದಾಸ್ತಾನು ಮತ್ತು ಅದರೊಡನೆ ಕೂಡಿಕೊಂಡ ನೀರು. ಅನ್ನ ತಟ್ಟೆಗೆ ಮರಳಿದ ಕೂಡಲೇ ಆ ನೀರೂ ಮರಳುತ್ತದೆ. ಕಡಿತ ಮುಂದುವರಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲುಗಳಾಗುವ ಅಪಾಯ ಹೆಚ್ಚುತ್ತದೆ, ಕೂದಲು ಉದುರುವುದನ್ನು ಹೆಂಗಸರು ಎಲ್ಲಕ್ಕಿಂತ ಮೊದಲು ಗಮನಿಸುತ್ತಾರೆ.

ವೇಗದ ದಾರಿಗೂ ಒಂದು ಸ್ಥಾನವಿದೆ ಎಂಬುದನ್ನು ಮರೆಮಾಚಬಾರದು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಪಥ್ಯ ಕೊಟ್ಟಾಗ, ವರ್ಷದ ಕೊನೆಯಲ್ಲಿ ಅವರಲ್ಲಿ ಶೇ. 46 ಮಂದಿಯ ಮಧುಮೇಹ ಔಷಧಿಯಿಲ್ಲದೆ ಹತೋಟಿಯ ಮಟ್ಟಕ್ಕೆ ಇಳಿದಿತ್ತು. ಆದರೆ ಅಲ್ಲಿ ವೈದ್ಯರೂ ದಾದಿಯರೂ ಆರಂಭದಿಂದ ಕೊನೆಯವರೆಗೂ ಜೊತೆಗಿದ್ದರು. ಔಷಧಿಗಳನ್ನು ಅವರೇ ನಿಲ್ಲಿಸಿದ್ದರು, ಊಟವನ್ನು ಹಂತಹಂತವಾಗಿ ಮರಳಿಸಿದವರೂ ಅವರೇ. ಅಂಥ ಆಸರೆಯಿಲ್ಲದೆ, ಮೊಬೈಲಿನಲ್ಲಿ ಬಂದ ಪಥ್ಯದ ಪಟ್ಟಿಯನ್ನು ಹಿಡಿದು ಹೊರಡುವುದು ಬೇರೆಯೇ ವಿಷಯ.

ನಿಧಾನದ ದಾರಿಯ ಪುರಾವೆ ಗಟ್ಟಿಯಾಗಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆಯ ಅಧ್ಯಯನದಲ್ಲಿ ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯನ್ನು ಗುರಿಯಾಗಿ ಪಡೆದವರಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು, ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ಕಡಿಮೆಯಾದದ್ದು ಶೇ. 31. ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಚೆನ್ನೈಯದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟದ ತಿದ್ದುಪಡಿ ಮತ್ತು ದಿನನಿತ್ಯದ ನಡಿಗೆಯಿಂದ ಮಧುಮೇಹದ ಅಪಾಯ ಶೇ. 28.5ರಷ್ಟು ತಗ್ಗಿತು, ಅದೂ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ. ಯಂತ್ರದ ಮುಳ್ಳು ಕದಲಲಿಲ್ಲವೆಂದು ಎರಡನೆಯ ತಿಂಗಳಲ್ಲಿ ಎಲ್ಲವನ್ನೂ ಕೈಬಿಡುವವರು ಈ ಫಲಿತಾಂಶವನ್ನು ತಿಳಿದಿರಲೇಬೇಕು ಎಂದು ನಾನು ಬಯಸುತ್ತೇನೆ. ದೇಹದ ಒಳಗಿನ ಲಾಭ ಹೊರಗಿನ ಅಳತೆಗೆ ಕಾಯುವುದಿಲ್ಲ. ವಾರಕ್ಕೆ ಅರ್ಧ ಕಿಲೋ ಇಳಿದರೆ ಉತ್ತಮ, ಕಾಲು ಕಿಲೋ ಇಳಿದರೂ ಸರಿಯೇ.

ಊಟವನ್ನು ಮೊದಲು ತಿದ್ದುವುದೋ, ವ್ಯಾಯಾಮ ಮೊದಲೋ

ಎರಡೂ ಬೇಕು, ಆದರೆ ಯಾವುದು ಮೊದಲು ಎಂದರೆ ನನ್ನ ಉತ್ತರ ಊಟ. ನಿಲ್ದಾಣದ ಹೊರಗೆ ನಿಂತು ತಿನ್ನುವ ಒಂದು ವಡಾಪಾವಿನಲ್ಲಿ ಸುಮಾರು 300 ಕ್ಯಾಲರಿ ಇರುತ್ತದೆ. 70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 120ರ ಆಸುಪಾಸು. ಐದು ನಿಮಿಷದಲ್ಲಿ ತಿಂದದ್ದನ್ನು ಕರಗಿಸಲು ಒಂದೂ ಕಾಲು ಗಂಟೆ ನಡೆಯಬೇಕು, ಮತ್ತು ಅಷ್ಟು ಸಮಯ ಈ ಊರಿನಲ್ಲಿ ಯಾರ ಬಳಿಯೂ ಇಲ್ಲ. ಇಳಿದ ತೂಕ ಮತ್ತೆ ಏರದಂತೆ ಕಾಯುವುದರಲ್ಲಿ ಮಾತ್ರ ವ್ಯಾಯಾಮದ್ದೇ ದೊಡ್ಡ ಪಾತ್ರ. ಸಕ್ಕರೆ, ಹೃದಯ, ನಿದ್ರೆ, ಮನಸ್ಸು ಇವುಗಳಿಗೆ ಅದರಿಂದಾಗುವ ಉಪಕಾರ ತೂಕದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಊಟದ ತಿದ್ದುಪಡಿ ಎಂದೊಡನೆ ನಮ್ಮವರು ಮೊದಲು ಬಿಡುವುದು ಅನ್ನವನ್ನು. ಕರಾವಳಿಯಿಂದ ಬಂದವರು ಚಪಾತಿಗೆ, ಬಯಲುಸೀಮೆಯವರು ಮತ್ತೆ ರಾಗಿಗೆ, ಉತ್ತರ ಕರ್ನಾಟಕದವರು ಜೋಳಕ್ಕೆ ಹೊರಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 356, ಗೋಧಿ ಹಿಟ್ಟಿನಲ್ಲಿ 320, ರಾಗಿಯಲ್ಲಿ 321, ಜೋಳದಲ್ಲಿ 334 ಕ್ಯಾಲರಿ. ಹೆಚ್ಚಿನ ಅಂತರವೇನೂ ಇಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ: ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ, ಉಳಿದ ಮೂರರಲ್ಲೂ ಹತ್ತು ಗ್ರಾಂ ದಾಟುತ್ತದೆ. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಸಕ್ಕರೆ ನಿಧಾನವಾಗಿ ಏರುತ್ತದೆ. ಆದ್ದರಿಂದ ಬದಲಾವಣೆ ಒಳ್ಳೆಯದೇ. ಆದರೆ ಒಂದು ಬಟ್ಟಲು ಅನ್ನದ ಜಾಗಕ್ಕೆ ತುಪ್ಪ ಸವರಿದ ನಾಲ್ಕು ಚಪಾತಿ ಬಂದರೆ ತೂಕ ಇಳಿಯುವುದಿಲ್ಲ, ಏರುತ್ತದೆ. ಅನ್ನ ಬಿಡಲಾಗದವರು ಬಿಡಬೇಕಾಗಿಯೂ ಇಲ್ಲ. ಕುಚ್ಚಲಕ್ಕಿ ಗಂಜಿಯನ್ನು ಒಂದು ಬಟ್ಟಲಿಗೆ ನಿಲ್ಲಿಸಿ, ಪಕ್ಕದಲ್ಲಿ ಹೆಸರುಕಾಳಿನ ಗಸಿಯನ್ನೂ ಬಸಳೆಯ ಪದಾರ್ಥವನ್ನೂ ಧಾರಾಳವಾಗಿ ಬಡಿಸಿಕೊಂಡರೆ ಅದು ಯಾವ ಡಯೆಟ್ ಡಬ್ಬಿಗೂ ಕಡಿಮೆಯಲ್ಲ.

ತಟ್ಟೆಯಲ್ಲಿನ ಪ್ರಮಾಣವೇ ಇಲ್ಲಿ ನಿರ್ಣಾಯಕ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2,000 ಕ್ಯಾಲರಿಯ ಊಟಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 27 ಗ್ರಾಂ ಎಣ್ಣೆ ಎಂದು ಸೂಚಿಸಲಾಗಿದೆ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು: ಧಾನ್ಯ ರಾಶಿಯಾಗಿ, ಪಲ್ಯ ಎರಡು ಚಮಚ. ಎಣ್ಣೆಯ ಲೆಕ್ಕವನ್ನು ದಿನದಿನ ಇಡಲು ಆಗುವುದಿಲ್ಲ, ತಿಂಗಳ ಸಾಮಾನಿನ ಚೀಟಿಯಲ್ಲಿ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಮೇಲ್ಮಿತಿ. ಐದಾರು ಲೀಟರ್ ತರುತ್ತಿದ್ದರೆ ತೂಕ ಎಲ್ಲಿಂದ ಬಂತೆಂದು ಹುಡುಕುವ ಅಗತ್ಯವಿಲ್ಲ. ತೆಂಗಿನೆಣ್ಣೆಯೋ, ಶೇಂಗಾ ಎಣ್ಣೆಯೋ, ತುಪ್ಪವೋ, ಗ್ರಾಮಿಗೆ ಒಂಬತ್ತು ಕ್ಯಾಲರಿ ಎಂಬುದರಲ್ಲಿ ಭೇದವಿಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಬಯಿಯ ನೌಕರರಿಗೆ ಸಾಮಾನ್ಯವಾಗಿ ನಾಲ್ಕು ಆಯ್ಕೆಗಳಿವೆ: ಮನೆಯ ಡಬ್ಬಿ, ಚಪಾತಿ–ಪಲ್ಯ ಮಾರುವ ಪೋಳಿ–ಭಾಜಿ ಕೇಂದ್ರ, ಉಡುಪಿ ಹೋಟೆಲು, ಡಯೆಟ್ ಡಬ್ಬಿ. ಕೊನೆಯದರಿಂದ ಆರಂಭಿಸುತ್ತೇನೆ. ಅದರ ಗುಣವೆಂದರೆ ಪ್ರಮಾಣದ ಶಿಸ್ತು. ದೋಷವೆಂದರೆ ಅದು ಬರುತ್ತಿರುವಷ್ಟು ದಿನವೂ ಮನೆಯ ಅಡುಗೆ ಹಾಗೆಯೇ ಉಳಿಯುತ್ತದೆ, ನಿಂತ ದಿನ ಹಳೆಯ ತಟ್ಟೆಯೇ ಮರಳುತ್ತದೆ. ಎಷ್ಟು ತಿಂದರೆ ಸಾಕು ಎಂಬುದನ್ನು ಕಣ್ಣು ಕಲಿಯಲಿ ಎಂದು ಒಂದು ತಿಂಗಳು ತರಿಸಿಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ. ಪೋಳಿ–ಭಾಜಿ ಕೇಂದ್ರಗಳು ಒಂಟಿಯಾಗಿ ಇರುವವರಿಗೆ ದೊಡ್ಡ ಉಪಕಾರ. ಎರಡು ಪೋಳಿ, ಒಂದು ಪಾಲು ಕಾಳಿನ ಉಸಳಿ, ಒಂದು ಸೌತೆಕಾಯಿ ಎಂದು ನಿಗದಿ ಮಾಡಿಕೊಂಡರೆ ಊಟ ಸರಿಯಾಗುತ್ತದೆ, ಭಾಜಿಯ ಮೇಲೆ ತೇಲುವ ಎಣ್ಣೆಯನ್ನು ಬಟ್ಟಲಲ್ಲೇ ಉಳಿಸಿದರೆ ಇನ್ನೂ ಒಳ್ಳೆಯದು. ಉಡುಪಿ ಹೋಟೆಲಿನಲ್ಲಿ ಆಯ್ಕೆ ಬಲು ಸುಲಭ, ಆದರೂ ನಾವು ತಪ್ಪಾಗಿ ಆರಿಸುತ್ತೇವೆ. ಹಬೆಯಲ್ಲಿ ಬೆಂದ ಮೂರು ಇಡ್ಲಿ, ಎರಡನೆಯ ಸಲವೂ ಕೇಳಿ ಹಾಕಿಸಿಕೊಂಡ ಸಾಂಬಾರು ಒಂದು ಪೂರ್ಣ ಊಟ. ಇಡ್ಲಿಯ ಜೊತೆಗೆ ವಡೆ, ಅದರ ಮೇಲೆ ಸಕ್ಕರೆ ಹಾಕಿದ ಕಾಫಿ ಎಂಬ ಅಭ್ಯಾಸ ಅದನ್ನು ಕೆಡಿಸುತ್ತದೆ.

ಮನೆಯ ಡಬ್ಬಿಯೇ ನನ್ನ ಮೊದಲ ಶಿಫಾರಸು. 1890ರಿಂದ ಡಬ್ಬಾವಾಲಾಗಳು ಈ ಊರಿಗೆ ಉಳಿಸಿಕೊಟ್ಟಿರುವ ಸೌಭಾಗ್ಯ ಅದು. ಬದಲಿಸಬೇಕಾದದ್ದು ಒಂದೇ: ಅನ್ನ ಅಥವಾ ಚಪಾತಿ ತುಂಬುತ್ತಿದ್ದ ದೊಡ್ಡ ಬಟ್ಟಲಿಗೆ ತೊಂಡೆಕಾಯಿಯೋ ಹರಿವೆಯೋ ಬೀನ್ಸೋ ಪಲ್ಯವಾಗಿ ಹೋಗಬೇಕು, ನಡುವಿನದಕ್ಕೆ ಬೇಳೆ ಅಥವಾ ಕಾಳು, ಚಿಕ್ಕದಕ್ಕೆ ಅನ್ನ. ನಮ್ಮ ಊರಿನ ತರಕಾರಿಗಳು ಬೇಕೆಂದರೆ ಮಾಟುಂಗಾದ ಮಾರುಕಟ್ಟೆ ಇದ್ದೇ ಇದೆ. ಕಾಳಿನ ಬಟ್ಟಲನ್ನು ಯಾರೂ ಬಿಡಬಾರದು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಐಸಿಎಂಆರ್ ಹೇಳುತ್ತದೆ, ಅಂದರೆ 70 ಕಿಲೋದವರಿಗೆ 58 ಗ್ರಾಂ. ಒಂದು ಬಟ್ಟಲು ತೊವ್ವೆಯಲ್ಲಿ ಸಿಗುವುದು ಐದಾರು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ನೂರು ಗ್ರಾಂ ಮೀನಿನಲ್ಲಿ ಹದಿನೆಂಟರಿಂದ ಇಪ್ಪತ್ತು. ಸಸ್ಯಾಹಾರಿಗಳು ಕಾಳು, ಮೊಸರು, ಪನೀರು, ಸೋಯಾ ಇವುಗಳನ್ನು ಯೋಚಿಸಿ ಜೋಡಿಸದಿದ್ದರೆ ಕೊರತೆಯಾಗುವುದು ಖಂಡಿತ, ಮತ್ತು ಆ ಕೊರತೆಯಲ್ಲಿ ತೂಕ ಇಳಿಸಿದರೆ ಕರಗುವುದು ಸ್ನಾಯು.

ಇಷ್ಟೆಲ್ಲ ಹೇಳಿದರೂ, ಮುಂಬಯಿಯವರ ತೂಕದ ಗುಟ್ಟು ಮಧ್ಯಾಹ್ನಕ್ಕಿಂತ ಸಂಜೆ ಆರರಿಂದ ರಾತ್ರಿ ಹತ್ತರ ನಡುವೆ ಅಡಗಿದೆ ಎಂದು ನಾನು ನಂಬುತ್ತೇನೆ. ಒಂದು ಗಂಟೆಗೆ ಊಟ ಮಾಡಿದವರು ಆರೂವರೆಗೆ ಕಚೇರಿ ಬಿಡುವಾಗ ಹಸಿದಿರುತ್ತಾರೆ. ನಿಲ್ದಾಣದಲ್ಲಿ ಸಮೋಸ, ಕಟಿಂಗ್ ಚಹಾ. ಗಾಡಿಯಲ್ಲಿ ಒಂದು ಗಂಟೆ ನಿಂತು ಮನೆ ಸೇರುವಷ್ಟರಲ್ಲಿ ಮತ್ತೆ ಹಸಿವು. ಅಡುಗೆ ಆಗುವವರೆಗೆ ಕುರುಕಲು ತಿಂಡಿಯ ಫರ್ಸಾಣ್ ಡಬ್ಬಕ್ಕೆ ಕೈ. ಹತ್ತು ಗಂಟೆಗೆ ದಿನದ ದೊಡ್ಡ ಊಟ, ಹನ್ನೊಂದಕ್ಕೆ ನಿದ್ರೆ. ಇದಕ್ಕೆ ಪರ್ಯಾಯಗಳು ಎರಡು. ಕಚೇರಿಯಿಂದ ಹೊರಡುವ ಮೊದಲೇ ಒಂದು ಹಿಡಿ ಹುರಿಗಡಲೆ ಮತ್ತು ಒಂದು ಹಣ್ಣು ತಿಂದು, ರಾತ್ರಿಯ ಊಟವನ್ನು ಅರ್ಧಕ್ಕೆ ಇಳಿಸುವುದು ಒಂದು. ಬೆಳಿಗ್ಗೆಯೇ ಎರಡನೆಯ ಚಿಕ್ಕ ಡಬ್ಬಿ ಒಯ್ದು ಏಳು ಗಂಟೆಗೆ ಊಟವನ್ನೇ ಮುಗಿಸಿ, ಮನೆಯಲ್ಲಿ ಮಜ್ಜಿಗೆ ಅಥವಾ ಸಾರು ಮಾತ್ರ ಕುಡಿಯುವುದು ಇನ್ನೊಂದು. ಆರೋಗ್ಯದ ದೃಷ್ಟಿಯಿಂದ ಎರಡನೆಯದು ಮೇಲು. ಆದರೂ ಸಂಸಾರಸ್ಥರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ, ಏಕೆಂದರೆ ಈ ಊರಿನಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ಉಣ್ಣುವುದು ಆ ಒಂದು ಹೊತ್ತು ಮಾತ್ರ, ಅದನ್ನು ಕಸಿಯುವ ಯಾವ ಪಥ್ಯವೂ ಹೆಚ್ಚು ದಿನ ಬಾಳುವುದಿಲ್ಲ.

ನಡಿಗೆ, ಜಿಮ್, ಯೋಗ, ಈಜು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ. ಮೊದಲನೆಯದಕ್ಕೆ ನಡಿಗೆಗಿಂತ ಉತ್ತಮವಾದದ್ದು ಇಲ್ಲ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್, ದಾದರಿನವರಿಗೆ ಶಿವಾಜಿ ಪಾರ್ಕ್, ಬೊರಿವಲಿಯವರಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಠಾಣೆಯವರಿಗೆ ಉಪವನ ಕೆರೆ ಇವೆ. ಬೆಳಿಗ್ಗೆ ಸಮಯ ಸಿಗದವರು ಕಚೇರಿಗೆ ಹತ್ತಿರದ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವುದು, ಶೇರ್ ರಿಕ್ಷಾದ ಸಾಲಿನಲ್ಲಿ ನಿಲ್ಲುವ ಹದಿನೈದು ನಿಮಿಷವನ್ನು ಮನೆಯ ಕಡೆಗೆ ಹೆಜ್ಜೆ ಹಾಕಲು ಬಳಸುವುದು, ಎಸ್ಕಲೇಟರ್ ಬಿಟ್ಟು ಸೇತುವೆಯ ಮೆಟ್ಟಿಲು ಹತ್ತುವುದು ಇವೆಲ್ಲ ಸೇರಿ ವಾರದ ಲೆಕ್ಕ ತುಂಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇದನ್ನು ಮುರಿಯುತ್ತದೆ. ಆ ನಾಲ್ಕು ತಿಂಗಳಿಗೆ ಕಟ್ಟಡದ ಮೆಟ್ಟಿಲು, ಮನೆಯೊಳಗಿನ ಸೂರ್ಯನಮಸ್ಕಾರ ಎಂದು ಮೇ ತಿಂಗಳಲ್ಲೇ ನಿರ್ಧರಿಸಿಟ್ಟುಕೊಳ್ಳದವರ ನಡಿಗೆ ದೀಪಾವಳಿಯವರೆಗೂ ಮರಳುವುದಿಲ್ಲ.

ಜಿಮ್ ಬೇಕಾಗುವುದು ಎರಡನೆಯ ಸೂಚನೆಗಾಗಿ. ನಲವತ್ತು ದಾಟಿದವರಿಗೆ, ವಿಶೇಷವಾಗಿ ಹೆಂಗಸರಿಗೆ, ಭಾರ ಎತ್ತುವ ವ್ಯಾಯಾಮ ಮೂಳೆ ಮತ್ತು ಸ್ನಾಯು ಎರಡನ್ನೂ ಕಾಯುತ್ತದೆ, ಇದನ್ನು ನಡಿಗೆ ಮಾಡಲಾರದು. ಆದರೆ ವರ್ಷದ ಶುಲ್ಕ ಒಟ್ಟಿಗೆ ಕಟ್ಟಬೇಡಿ. ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಇವನ್ನು ಎರಡು ತಿಂಗಳು ತಪ್ಪದೆ ಮಾಡಿದ ಮೇಲೆ ಸೇರಿದರೆ ಹಣ ವ್ಯರ್ಥವಾಗದು. ಯೋಗದ ವಿಷಯದಲ್ಲಿ ಮುಂಬಯಿಗರು ಭಾಗ್ಯವಂತರು. ಸಾಂತಾಕ್ರೂಜಿನ ದಿ ಯೋಗ ಇನ್‌ಸ್ಟಿಟ್ಯೂಟ್ 1918ರಲ್ಲಿ ಸ್ಥಾಪನೆಯಾದದ್ದು. ನಿದ್ರೆ, ಒತ್ತಡ, ಬೆನ್ನುನೋವು ಇವುಗಳಿಗೆ ಯೋಗ ಒಳ್ಳೆಯ ಸಂಗಾತಿ, ಕ್ಯಾಲರಿ ಕರಗಿಸುವುದರಲ್ಲಿ ಮಾತ್ರ ಅದು ನಡಿಗೆಯ ಜಾಗಕ್ಕೆ ಬರಲಾರದು. ಮೊಣಕಾಲು ನೋವಿರುವವರು ನಡಿಗೆಯನ್ನು ಬಲವಂತದಿಂದ ಮಾಡುವ ಬದಲು ಶಿವಾಜಿ ಪಾರ್ಕಿನ ಪಾಲಿಕೆಯ ಈಜುಕೊಳದಂಥ ಕಡೆ ಈಜುವುದು ಅಥವಾ ನೀರಿನಲ್ಲೇ ನಡೆಯುವುದು ಲೇಸು.

ಉಪವಾಸ ಮತ್ತು ಚುಚ್ಚುಮದ್ದು

ಹದಿನಾರು ಗಂಟೆಯ ಉಪವಾಸ ಕೆಲವರಿಗೆ ಹಿತವಾಗುತ್ತದೆ, ಏಕೆಂದರೆ ರಾತ್ರಿಯ ತಿಂಡಿ ತಾನಾಗಿ ತಪ್ಪುತ್ತದೆ. ಆದರೆ 2022ರಲ್ಲಿ ಪ್ರಕಟವಾದ ಚೀನಾದ ಗ್ವಾಂಗ್‌ಝೌ ಅಧ್ಯಯನದಲ್ಲಿ, ಅಷ್ಟೇ ಕ್ಯಾಲರಿಯನ್ನು ಎಂಟು ಗಂಟೆಯೊಳಗೆ ತಿಂದವರಿಗೂ ದಿನವಿಡೀ ಹಂಚಿ ತಿಂದವರಿಗೂ ವರ್ಷದ ಕೊನೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೊತ್ತಿಗಿಂತ ಪ್ರಮಾಣ ಮುಖ್ಯವೆಂದು ಇದರಿಂದ ತಿಳಿಯಬೇಕು. ಏಕಾದಶಿಯ ದಿನ ಸಾಬುದಾಣೆ ಖಿಚಡಿ, ಸಾಬುದಾಣೆ ವಡೆ, ಬಟಾಟೆ ಚಿವಡಾ ತಿಂದರೆ ವ್ರತ ನಡೆಯಬಹುದು, ತೂಕ ಇಳಿಯದು: ಸಾಬುದಾಣೆ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಮಾಡಲೇಬಾರದು, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ರೂಪಿಸಿದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತಕ್ಕೆ ಬಂದಿವೆ. ಇವುಗಳ ಬಲವನ್ನು ಅಲ್ಲಗಳೆಯುವುದು ಸರಿಯಲ್ಲ: ಸೆಮಾಗ್ಲುಟೈಡ್‌ನ ಮುಖ್ಯ ಪರೀಕ್ಷೆಯಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಯಿತು. ಔಷಧಿ ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂತು ಎಂಬುದೂ ಅಷ್ಟೇ ನಿಜ. ಬಿಎಂಐ ಬಹಳ ಹೆಚ್ಚಿರುವವರಿಗೆ, ತೂಕದಿಂದಾಗಿ ಮಧುಮೇಹ, ನಿದ್ರೆಯಲ್ಲಿ ಉಸಿರು ಕಟ್ಟುವುದು ಮುಂತಾದ ತೊಂದರೆ ಇರುವವರಿಗೆ ವೈದ್ಯರು ಇದನ್ನು ಸೂಚಿಸಿದರೆ ಹಿಂಜರಿಯಬೇಕಿಲ್ಲ, ನಾಚಿಕೆಯ ವಿಷಯವಂತೂ ಅಲ್ಲವೇ ಅಲ್ಲ. ಮಗನ ಮದುವೆಗೆ ಆರು ಕಿಲೋ ಇಳಿಸಬೇಕೆಂಬುವರಿಗೆ ಇದು ತಕ್ಕ ಆಯ್ಕೆಯಲ್ಲ. ತೆಗೆದುಕೊಳ್ಳುವವರಿಗೂ ಕಾಳಿನ ಬಟ್ಟಲು ಮತ್ತು ಭಾರ ಎತ್ತುವ ವ್ಯಾಯಾಮ ತಪ್ಪಿದ್ದಲ್ಲ.

ಆರಂಭದ ಕ್ರಮ ಮತ್ತು ವೈದ್ಯರ ಬಳಿ ಹೋಗಬೇಕಾದ ಸಮಯ

ಎಲ್ಲವನ್ನೂ ಒಂದೇ ಸೋಮವಾರ ಆರಂಭಿಸುವವರು ಮುಂದಿನ ಸೋಮವಾರ ನಿಲ್ಲಿಸುತ್ತಾರೆ. ಮೊದಲ ತಿಂಗಳು ಸಂಜೆಯ ತಿಂಡಿ ಮತ್ತು ರಾತ್ರಿಯ ತಟ್ಟೆ, ಎರಡನೆಯ ತಿಂಗಳು ನಡಿಗೆ ಮತ್ತು ಡಬ್ಬಿಯ ಬಟ್ಟಲುಗಳ ಅದಲುಬದಲು, ಮೂರನೆಯದರಲ್ಲಿ ಸ್ನಾಯುವಿನ ವ್ಯಾಯಾಮ ಮತ್ತು ತಿಂಗಳ ಎಣ್ಣೆ, ಈ ಕ್ರಮವನ್ನು ನಾನು ಸೂಚಿಸುತ್ತೇನೆ. ನಿದ್ರೆ ಏಳು ಗಂಟೆಗೆ ಕಡಿಮೆಯಿದ್ದರೆ ಹಸಿವು ಹೆಚ್ಚುತ್ತದೆ, ಹಾಗಾಗಿ ಅದನ್ನು ಮೊದಲ ತಿಂಗಳಲ್ಲೇ ಸೇರಿಸಿಕೊಳ್ಳಬೇಕು. ಸಂಘದ ಕಾರ್ಯಕ್ರಮ, ಯಕ್ಷಗಾನದ ರಾತ್ರಿ, ಗಣೇಶೋತ್ಸವದ ಮೋದಕ ಇವು ಬಂದೇ ಬರುತ್ತವೆ. ಅವನ್ನು ಸಂತೋಷದಿಂದ ಉಂಡು ಮರುದಿನದಿಂದ ಎಂದಿನಂತೆ ನಡೆದರೆ ಯಾವ ನಷ್ಟವೂ ಇಲ್ಲ. ತೂಕವನ್ನು ವಾರಕ್ಕೊಮ್ಮೆ ಬೆಳಿಗ್ಗೆ, ಸೊಂಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟುಕೊಂಡರೆ ಸಾಕು.

ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಎಪ್ಪತ್ತು ದಾಟಿದವರು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಉಳಿದವರಲ್ಲಿ, ಮೂರು ತಿಂಗಳು ನಿಷ್ಠೆಯಿಂದ ನಡೆದುಕೊಂಡರೂ ತೂಕವಾಗಲಿ ಸೊಂಟವಾಗಲಿ ಸ್ವಲ್ಪವೂ ಇಳಿಯದಿದ್ದರೆ ಊಟವನ್ನು ಇನ್ನಷ್ಟು ಕಡಿತ ಮಾಡಬೇಡಿ. ಥೈರಾಯ್ಡ್ ಕೊರತೆ, ಹೆಣ್ಣುಮಕ್ಕಳಲ್ಲಿ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ, ಜೋರಾದ ಗೊರಕೆಯ ಹಿಂದಿನ ಉಸಿರಾಟದ ತೊಂದರೆ, ಸ್ಟೀರಾಯ್ಡ್ ಅಥವಾ ಕೆಲವು ಮಾನಸಿಕ ಆರೋಗ್ಯದ ಔಷಧಿಗಳು ಇವುಗಳಲ್ಲಿ ಯಾವುದಾದರೂ ಅಡ್ಡ ಬಂದಿರಬಹುದು. ಯಾವ ಔಷಧಿಯನ್ನೂ ನೀವಾಗಿಯೇ ನಿಲ್ಲಿಸದೆ, ಬರೆದಿಟ್ಟ ತೂಕದ ಪಟ್ಟಿ, ಒಂದು ವಾರದ ಊಟದ ವಿವರ, ಸೇವಿಸುತ್ತಿರುವ ಮಾತ್ರೆಗಳ ಹೆಸರು ಇಷ್ಟನ್ನು ಹಿಡಿದುಕೊಂಡು ನಿಮ್ಮ ಕುಟುಂಬ ವೈದ್ಯರನ್ನು ಕಾಣಿರಿ.